ಕ್ಯಾನ್ಸರ್ ಚಿಕಿತ್ಸೆ: ಮೊದಲು ಯಾವ ಬಾಗಿಲಿಗೆ ಹೋಗುವುದು?

(ಕಂಕನಾಡಿಯಲ್ಲಿ ನಡೆದ ಸ್ವಸಹಾಯ ಗುಂಪುಗಳ ಸಭೆಯಲ್ಲಿ ನೀಡಿದ ಭಾಷಣ)



ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿಯಿತು. ಇನ್ನು ಸ್ವಲ್ಪ ಹೊತ್ತು ಕ್ಯಾನ್ಸರಿನ ಖರ್ಚಿನ ಬಗ್ಗೆ ಮಾತನಾಡುವಾ. ಕಾಯಿಲೆಯ ವಿಷಯ ಡಾಕ್ಟರರು ಹೇಳಲಿ. ಗುಂಪಿನ ಸಾಲದ ಪುಸ್ತಕದಲ್ಲಿ 'ಔಷಧಕ್ಕೆ' ಎಂದು ಬರೆದ ಸಾಲಗಳನ್ನು ನೋಡುವವರು ನಾವು. ಆ ಸಾಲ ತೀರುವುದು ಎಷ್ಟು ಕಷ್ಟ ಎಂದು ನಿಮಗೂ ಗೊತ್ತುಂಟು.

ನಮ್ಮಲ್ಲಿ ಆಸ್ಪತ್ರೆಗೆ ಬರಗಾಲ ಇಲ್ಲ. 1880ರಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಶುರು ಮಾಡಿದ ಆಸ್ಪತ್ರೆ ಕಂಕನಾಡಿಯಲ್ಲೇ ಉಂಟು. ಹಂಪನಕಟ್ಟೆಗೆ ಹೋದರೆ ವೆನ್ಲಾಕ್, ಲೇಡಿಗೋಶನ್. ಕಾಸರಗೋಡಿನವರೂ ಬಸ್ಸು ಹತ್ತಿ ಇಲ್ಲಿಗೇ ಬರುತ್ತಾರೆ. ಹೀಗಿದ್ದೂ ನಮ್ಮ ಹೆಂಗಸರು ಖರ್ಚಿನಲ್ಲಿ ಮುಳುಗುವುದು ಎಂತಕ್ಕೆ? ಅಲೆದಾಟದಿಂದ.

ಒಬ್ಬ ಸದಸ್ಯೆಯ ವಿಷಯ ಹೇಳುತ್ತೇವೆ, ಹೆಸರು ಬೇಡ. ಬೀಡಿ ಕಟ್ಟುವವರು. ಎದೆಯಲ್ಲಿ ಗಂಟು ಕಂಡಿತು. ನೋವಿಲ್ಲ ಎಂದು ಕೆಲವು ತಿಂಗಳು ಸುಮ್ಮನಿದ್ದರು. ಮತ್ತೆ ಪಕ್ಕದ ಮನೆಯವರು ಹೇಳಿದ ಒಂದು ಕ್ಲಿನಿಕ್, ನಾದಿನಿ ಹೇಳಿದ ಇನ್ನೊಂದು. ಮೊದಲ ಸ್ಕ್ಯಾನಿನ ಫಿಲ್ಮ್ ಕಳೆದುಹೋಗಿ ಎರಡನೇ ಕಡೆ ಪುನಃ ಸ್ಕ್ಯಾನ್. ಸಕ್ಕರೆ ಕಾಯಿಲೆ ಇದ್ದದ್ದು ಯಾರಿಗೂ ಹೇಳಿರಲಿಲ್ಲ. ಸಕ್ಕರೆ ಇಳಿಯುವ ತನಕ ಆಪರೇಶನ್ ಮುಂದಕ್ಕೆ ಹೋಯಿತು. ಕೊನೆಗೆ ಕೈಯಲ್ಲಿ ರೆಫರಲ್ ಚೀಟಿ ಇಲ್ಲದೆ ಒಂದು ಖಾಸಗಿ ಆಸ್ಪತ್ರೆಗೆ ಸೇರಿದರು. ಕಪಾಟಿನಲ್ಲಿ ಬಿ.ಪಿ.ಎಲ್. ಕಾರ್ಡ್ ಇತ್ತು. ಚಿಕಿತ್ಸೆ ನಡೆದದ್ದು ಕಿವಿಯ ಬೆಂಡೋಲೆ ಅಡವಿಟ್ಟು.

ಇದರಲ್ಲಿ ಅರ್ಧ ಖರ್ಚು ಕ್ಯಾನ್ಸರಿನದ್ದಲ್ಲ. ದಾರಿ ತಪ್ಪಿದ್ದರ ಖರ್ಚು.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಉಂಟು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆ. ಎ.ಪಿ.ಎಲ್. ಆದರೆ ನಿಗದಿತ ದರದ ಶೇಕಡ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದೆ. ಆದರೆ ತುರ್ತು ಪರಿಸ್ಥಿತಿ ಬಿಟ್ಟು ಉಳಿದ ದೊಡ್ಡ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಚೀಟಿ ಬರೆದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. "ಸರಕಾರಿ ಆಸ್ಪತ್ರೆಯಲ್ಲಿ ಕ್ಯೂ ನಿಲ್ಲಬೇಕು ಸಿಸ್ಟರ್" ಅಂತೀರಿ. ಹೌದು, ನಿಲ್ಲಬೇಕು. ಒಂದು ದಿನದ ಬೀಡಿ ಮಜೂರಿ ಹೋಗುತ್ತದೆ. ಆ ಚೀಟಿ ಉಳಿಸುವ ಹಣಕ್ಕೆ ಅದನ್ನು ಹೋಲಿಸಿ ನೋಡಿ.

ಯೋಜನೆ ಎಲ್ಲವನ್ನೂ ಕೊಡುವುದಿಲ್ಲ. ಕಾಯಿಲೆ ಏನೆಂದು ಗೊತ್ತಾಗುವ ಮೊದಲಿನ ಪರೀಕ್ಷೆಗಳು, ಬಸ್ಸು, ರಿಕ್ಷಾ, ಜೊತೆಗಾರರ ಊಟ ಹೆಚ್ಚಾಗಿ ನಮ್ಮ ಕೈಯಿಂದಲೇ. ಇಲ್ಲಿಯೇ ಹತ್ತಿರದ ಆರೋಗ್ಯ ಕೇಂದ್ರದ ಪ್ರಯೋಜನ. ನಿಮ್ಮ ಬಿ.ಪಿ., ಸಕ್ಕರೆ, ಹಳೇ ಆಪರೇಶನ್ ಎಲ್ಲ ತಿಳಿದ ಒಬ್ಬ ಡಾಕ್ಟರರು ಇದ್ದರೆ ಮಾಡಿದ ಪರೀಕ್ಷೆಯನ್ನೇ ಪುನಃ ಮಾಡಿಸುವುದು ತಪ್ಪುತ್ತದೆ. ಗಾಯದ ಡ್ರೆಸ್ಸಿಂಗ್, ಕೀಮೊಗೆ ಮೊದಲಿನ ರಕ್ತಪರೀಕ್ಷೆ ಹತ್ತಿರದಲ್ಲೇ ಮಾಡಿಸಬಹುದೇ ಎಂದು ದೊಡ್ಡ ಡಾಕ್ಟರರನ್ನು ಕೇಳಿ. ಕೇಳಲು ನಾಚಿಕೆ ಬೇಡ. ಆದರೆ ಕೀಮೊ ಆದ ಮೇಲೆ ಜ್ವರ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಮಲಗಬಾರದು. ರಾತ್ರಿಯಾದರೂ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ತಡವಾದರೆ ಐ.ಸಿ.ಯು. ಬಿಲ್ಲು, ಅದಕ್ಕಿಂತ ಹೆಚ್ಚಾಗಿ, ಜೀವಕ್ಕೇ ಅಪಾಯ.

ಇದರಿಂದ ಎಲ್ಲ ಖರ್ಚೂ ಇಳಿಯುತ್ತದೆ ಎಂದು ನಾವು ಸುಳ್ಳು ಹೇಳುವುದಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಬಡವರ ಸರಕಾರಿ ವಿಮೆಯಲ್ಲಿದ್ದ ಸ್ತನ ಕ್ಯಾನ್ಸರಿನ ಮಹಿಳೆಯರ ಬಗ್ಗೆ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹೀಗೆ ಒಂದು ಪ್ರಾಥಮಿಕ ಕೇಂದ್ರದ ಮೂಲಕ ಆರೈಕೆ ಪಡೆದವರು ಡಾಕ್ಟರರ ಬಳಿಗೆ ಹೆಚ್ಚು ಸಲ ಹೋಗಿದ್ದರು, ಸರಕಾರದ ಖರ್ಚು ಇಳಿಯುವ ಬದಲು ಏರಿತ್ತು. ನಮ್ಮ ಅಭಿಪ್ರಾಯ ಕೇಳಿದರೆ, ಬಡ ಹೆಂಗಸಿಗೆ ಸಿಗಬೇಕಾದ ಆರೈಕೆ ಸಿಕ್ಕಿ ಸರಕಾರಕ್ಕೆ ಸ್ವಲ್ಪ ಹೆಚ್ಚು ಖರ್ಚಾದರೆ ಅದು ನಷ್ಟವಲ್ಲ. ನಮಗೆ ಚಿಂತೆ ಇರುವುದು ಮನೆಯ ಗಂಟು ಕರಗುವುದರ ಬಗ್ಗೆ.

ಖರ್ಚು ನಿಜವಾಗಿ ಕಡಿಮೆಯಾಗುವುದು ಕಾಯಿಲೆ ಬೇಗ ಸಿಕ್ಕಿದರೆ. 30 ವರ್ಷ ದಾಟಿದವರಿಗೆ ಆರೋಗ್ಯ ಕೇಂದ್ರಗಳಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆಗೆ ಸರಕಾರದ ಕಾರ್ಯಕ್ರಮ ಉಂಟು, ಹಣ ಕೊಡಬೇಕಾಗಿಲ್ಲ. ಗರ್ಭಕೊರಳಿಗೆ ವಿನೆಗರಿನಂಥ ಒಂದು ದ್ರಾವಣ ಹಚ್ಚಿ ನೋಡುತ್ತಾರೆ, ಕೆಲವು ನಿಮಿಷದ ಕೆಲಸ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇಳಿದಾಗ "ನಮಗೆಂತದ್ದೂ ಇಲ್ಲ" ಎಂದು ಹೇಳಿ ಕಳಿಸಬೇಡಿ. ಎಲೆ-ಅಡಿಕೆ, ಹೊಗೆಸೊಪ್ಪು ಜಗಿಯುವವರು ಬಾಯಿ ತೋರಿಸಲೇಬೇಕು.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಒಂದು ಪ್ಲಾಸ್ಟಿಕ್ ಫೈಲ್ ತನ್ನಿ. ರೇಶನ್ ಕಾರ್ಡ್, ಆಧಾರ್, ಆಯುಷ್ಮಾನ್ ಕಾರ್ಡಿನ ಜೆರಾಕ್ಸ್, ಹಳೇ ಚೀಟಿ, ರಿಪೋರ್ಟ್ ಎಲ್ಲ ತಾರೀಕು ಪ್ರಕಾರ ಜೋಡಿಸುವಾ. ಆಯುಷ್ಮಾನ್ ಕಾರ್ಡ್ ಮಾಡಿಸದವರ ಹೆಸರನ್ನು ಕಾರ್ಯದರ್ಶಿಯವರು ಇವತ್ತೇ ಬರೆದುಕೊಳ್ಳಲಿ. ತಪಾಸಣೆಗೆ ಹೋಗಲು ನಾಚಿಕೆ ಆಗುವವರು ಇಬ್ಬಿಬ್ಬರಾಗಿ ಹೆಸರು ಕೊಡಿ, ಜೊತೆಗೆ ನಾವೂ ಬರುತ್ತೇವೆ.