ಹುರುಪು ಆರಿದ ಮೇಲೆ

(ಗಿರಣಿ ಕಾರ್ಮಿಕರು ಮತ್ತು ಚಿಕ್ಕ ವ್ಯಾಪಾರಿಗಳು ಸೇರಿದ್ದ ಭಾನುವಾರದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನೀವು ನಮಗೆ ಕೊಟ್ಟಿರುವ ವಿಷಯ ಬೋನಸ್ಸಿನದಲ್ಲ, ಸಂತೆ ಸುಂಕದ್ದೂ ಅಲ್ಲ. ಮನುಷ್ಯ ಮುಂದೆ ಬರಬೇಕೆಂದು ಒಂದು ಗುರಿ ಇಟ್ಟುಕೊಳ್ಳುತ್ತಾನೆ. ನಾಲ್ಕು ದಿನ ಹುರುಪಿನಿಂದ ನಡೆಯುತ್ತಾನೆ. ಆಮೇಲೆ ಅದು ಹೇಳಹೆಸರಿಲ್ಲದಂತೆ ಬಿದ್ದುಹೋಗುತ್ತದೆ. ಇದೇಕೆ, ಇದಕ್ಕೇನು ಮಾಡಬೇಕು, ಅದನ್ನು ಹೇಳಿ ಎಂದು ಗೆಳೆಯರು ಕೇಳಿದರು. ಕೇಳಿದಾಗ ನಮಗೆ ನಾಚಿಕೆಯೇ ಆಯಿತು. ಈ ವಿಷಯದಲ್ಲಿ ಗೆದ್ದವರ ಸಾಲಿನಲ್ಲಿ ನಾವು ನಿಂತವರಲ್ಲ.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಇದೇ ಕೋಣೆಯಲ್ಲಿ ನಾವು ರಾತ್ರಿ ತರಗತಿ ತೆರೆದಿದ್ದೆವು. ಲೆಕ್ಕ ಬರೆಯುವುದು, ಇಂಗ್ಲಿಷ್ ಅಕ್ಷರ, ಬ್ಯಾಂಕಿನ ಅರ್ಜಿ ತುಂಬುವುದು, ಇಷ್ಟೇ ಪಾಠ. ಮೊದಲ ರಾತ್ರಿ ಕೂರಲು ಜಾಗ ಸಾಲದೆ ಪಕ್ಕದ ಮನೆಯಿಂದ ಚಾಪೆ ಬೇಡಿ ತಂದೆವು. ದೀಪಾವಳಿಯ ಹೊತ್ತಿಗೆ ಬರುವವರು ಐದು ಜನ. ಸಂಕ್ರಾಂತಿ ಕಳೆದ ಮೇಲೆ ಬಾಗಿಲಿಗೆ ಬೀಗ. "ನಮ್ಮ ಜನಕ್ಕೆ ಆಸಕ್ತಿಯೇ ಇಲ್ಲ" ಎಂದು ನಾವು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆವು. ಹಾಗೆ ಹೇಳುವುದು ಬಹಳ ಸುಲಭ, ಅದರಿಂದ ಹೇಳುವವನ ಮಾನ ಉಳಿಯುತ್ತದೆ.

ಸ್ಪಿನ್ನಿಂಗ್ ಖಾತೆಯ ಗೆಳೆಯರೊಬ್ಬರು ಬಹಳ ದಿನಗಳ ಮೇಲೆ ಚಹಾದಂಗಡಿಯಲ್ಲಿ ಸಿಕ್ಕಾಗ ನಿಜವನ್ನು ಹೇಳಿದರು. "ಅಣ್ಣಾ, ಮೊದಲನೆ ದಿನ ತಪ್ಪಿಸಿಕೊಂಡಾಗ ನನಗೆ ಹೆದರಿಕೆಯಾಗಿತ್ತು. ಯಾಕೆ ಬರಲಿಲ್ಲ ಅಂತ ಯಾರಾದರೂ ಕೇಳುತ್ತೀರಿ ಅಂತ ಮನಸ್ಸಿನಲ್ಲಿ ಜವಾಬೂ ಕಟ್ಟಿಕೊಂಡಿದ್ದೆ. ಯಾರೂ ಕೇಳಲಿಲ್ಲ. ಎರಡನೆ ಸಲ ತಪ್ಪಿಸಿದಾಗ ಹೆದರಿಕೆಯೂ ಆಗಲಿಲ್ಲ." ಆ ಮಾತು ನಮ್ಮನ್ನು ಇನ್ನೂ ಬಿಟ್ಟಿಲ್ಲ. ಇವತ್ತು ನಾವು ಹೇಳಬೇಕಾದದ್ದೆಲ್ಲ ಅದರಲ್ಲೇ ಇದೆ.

ಹುರುಪು ತುಂಬುವ ಭಾಷಣಗಳಿಗೆ ಇಂದು ಬರವಿಲ್ಲ. ಮೊಬೈಲು ತೆರೆದರೆ ಸಾಕು, ಕೋಟು ತೊಟ್ಟ ಮಹನೀಯರೊಬ್ಬರು ಕೂಗುತ್ತಿರುತ್ತಾರೆ: ಬೆಳಗಿನ ನಾಲ್ಕು ಗಂಟೆಗೆ ಏಳಿ, ಜಗತ್ತನ್ನು ಗೆಲ್ಲಿ ಎಂದು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಮನೆ ಸೇರುವವನು ನಾಲ್ಕು ಗಂಟೆಗೆ ಏಳುವುದು ಹೇಗೆಂದು ಆ ಮಹನೀಯರನ್ನು ಕೇಳುವವರಿಲ್ಲ. ಅವರ ಮಾತು ಸುಳ್ಳೆಂದು ನಾವು ಹೇಳುತ್ತಿಲ್ಲ. ಕೇಳುವಷ್ಟು ಹೊತ್ತು ರಕ್ತ ಬಿಸಿಯಾಗುವುದು ನಿಜ. ಆದರೆ ಹುರುಪು ಹುಲ್ಲಿನ ಬೆಂಕಿ. ಅದು ಆರಿದ ಮೇಲೆ ಏನು ಉಳಿದಿದೆ ಎಂಬುದು ಪ್ರಶ್ನೆ.

ಇಲ್ಲಿ ಅಂಗಡಿಯವರು ಬಹಳ ಮಂದಿ ಇದ್ದೀರಿ. ನಿಮಗೆ ಪಿಗ್ಮಿಯ ವಿಷಯ ನಾವು ಹೇಳಬೇಕಾಗಿಲ್ಲ. ಆದರೂ ಅದು ಹುಟ್ಟಿದ ಬಗೆ ತಿಳಿಯತಕ್ಕದ್ದು. 1925ರಲ್ಲಿ ಉಡುಪಿಯಲ್ಲಿ, ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಿದ್ದ ಕಾಲದಲ್ಲಿ, ಡಾ. ಟಿ.ಎಂ.ಎ. ಪೈ ಮೊದಲಾದ ಮೂವರು ಸೇರಿ ಒಂದು ಬ್ಯಾಂಕು ತೆರೆದರು. ಮುಂದೆ ಅದು ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರ ಏಪ್ರಿಲಿನಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಆ ಬ್ಯಾಂಕಿನವರು 1928ರಲ್ಲಿ ಒಂದು ಹೊಸ ಪದ್ಧತಿ ತಂದರು. ಬಡವನು ಉಳಿತಾಯ ಮಾಡುವುದಿಲ್ಲವೆಂದು ಉಪದೇಶ ಮಾಡುತ್ತ ಕೂರಲಿಲ್ಲ. ದಿನಕ್ಕೆ ಎರಡಾಣೆಯಾದರೂ ಸರಿ, ನಮ್ಮವನು ನಿಮ್ಮ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾನೆ ಎಂದರು. ಎರಡಾಣೆಯ ಉಳಿತಾಯ ನಡೆಯಿತು. ಅಲ್ಲಿಯವರೆಗೆ ಬ್ಯಾಂಕಿನ ಮೆಟ್ಟಿಲು ಹತ್ತದವರೂ ಹಣ ಕೂಡಿಸಿದರು. ಅವರ ಸ್ವಭಾವ ಒಂದೇ ರಾತ್ರಿಯಲ್ಲಿ ಬದಲಾಯಿತೇ? ಇಲ್ಲ. ಸಂಜೆ ಒಬ್ಬನು ಪುಸ್ತಕ ಹಿಡಿದು ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದ, ಅಷ್ಟೆ. ಅವನಿಗೆ "ನಾಳೆ ಬಾ" ಎನ್ನಲು ಮುಖವಿಲ್ಲದೆ ಗಲ್ಲಾದಿಂದ ಎರಡಾಣೆ ಹೊರಬರುತ್ತಿತ್ತು.

(ಹಿಂದಿನ ಸಾಲಿನವರು ನಗುತ್ತಿದ್ದೀರಿ. ಪಿಗ್ಮಿ ಹಣ ನುಂಗಿ ಬಾಗಿಲು ಹಾಕಿದ ಸೊಸೈಟಿಗಳೂ ಉಂಟು, ನಮಗೂ ಗೊತ್ತು. ಆ ಮಾತನ್ನು ಇನ್ನೊಂದು ದಿನ ಆಡೋಣ.)

ಗೆಳೆಯರ ನಡುವಿನ ಚೀಟಿಯೂ ಹೀಗೆಯೇ. ಒಬ್ಬನೇ ಡಬ್ಬಿಯಲ್ಲಿ ಹಾಕಿಟ್ಟ ಹಣ ಹಬ್ಬದ ವಾರಕ್ಕೆ ಖಾಲಿ. ಇಪ್ಪತ್ತು ಜನ ಕಾಯುವ ಚೀಟಿಯ ಕಂತು ಮಾತ್ರ ಸಾಲ ಮಾಡಿಯಾದರೂ ಕಟ್ಟುತ್ತೇವೆ. ನಮಗೆ ನಾವೇ ಕೊಟ್ಟ ಮಾತನ್ನು ನಾವೇ ಮನ್ನಾ ಮಾಡಿಕೊಳ್ಳುತ್ತೇವೆ, ಇನ್ನೊಬ್ಬರಿಗೆ ಕೊಟ್ಟ ಮಾತು ಹಾಗಲ್ಲ.

ಹರೇಕಳದ ಹಾಜಬ್ಬನವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರಿ ಬದುಕಿದವರು. ಶಾಲೆಯಲ್ಲಿ ಓದಿದವರಲ್ಲ. ಒಂದು ದಿನ ಪರದೇಶದ ಪ್ರವಾಸಿಗಳು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಇವರಿಗೆ ಅರ್ಥವಾಗಲಿಲ್ಲ, ಗಿರಾಕಿಗಳು ಹೊರಟುಹೋದರು. ಇಂಥ ಅಪಮಾನ ನಮ್ಮಲ್ಲಿ ಯಾರಿಗೆ ಆಗಿಲ್ಲ? ಬ್ಯಾಂಕಿನ ಕಿಟಕಿಯಲ್ಲಿ ಆಗಿದೆ, ಆಸ್ಪತ್ರೆಯಲ್ಲಿ ಆಗಿದೆ, ಮಗನ ಶಾಲೆಯ ಸಭೆಯಲ್ಲಿ ಆಗಿದೆ. ಆ ರಾತ್ರಿ ನಿದ್ದೆ ಬರುವುದಿಲ್ಲ. ಮಾರನೆಯ ದಿನ ಒಂದು ಹಟ ತೊಡುತ್ತೇವೆ. ತಿಂಗಳು ಕಳೆಯುವಷ್ಟರಲ್ಲಿ ಗಾಯ ಮಾಯುತ್ತದೆ, ಗಾಯದ ಜೊತೆಗೆ ಹಟವೂ ಹೋಗುತ್ತದೆ.

ಹಾಜಬ್ಬನವರದು ಹೋಗಲಿಲ್ಲ. ಅವರು ಆ ಹಟವನ್ನು ಎಲ್ಲಿ ಇಟ್ಟರು ಎಂಬುದನ್ನು ಗಮನಿಸಬೇಕು. ತಾನು ನಾಲ್ಕು ಇಂಗ್ಲಿಷ್ ಮಾತು ಕಲಿತು ಹೆಚ್ಚು ಹಣ್ಣು ಮಾರಬೇಕೆಂದು ಅವರು ಗುರಿಯಿಟ್ಟಿದ್ದರೆ ಅದು ತಪ್ಪಲ್ಲ. ಆದರೆ ಅವರು ಯೋಚಿಸಿದ್ದು ತಮ್ಮೂರಿನ ನ್ಯೂಪಡ್ಪುವಿನ ಮಕ್ಕಳನ್ನು ಕುರಿತು. ಅಲ್ಲಿ ಶಾಲೆಯಿರಲಿಲ್ಲ. ಈ ಮಕ್ಕಳೂ ನಾಳೆ ನನ್ನಂತೆ ಬಾಯಿ ಕಟ್ಟಿ ನಿಲ್ಲಬಾರದು, ಊರಿಗೊಂದು ಶಾಲೆ ಬರಬೇಕು ಎಂದರು. ಓದಲು ಬಾರದ ಮನುಷ್ಯ ಅರ್ಜಿ ಹಿಡಿದು ಕಚೇರಿಗಳನ್ನು ಸುತ್ತಿದರು. 2000ದ ಸುಮಾರಿಗೆ ಮದರಸದ ಜಾಗದಲ್ಲಿಯೇ 28 ಮಕ್ಕಳಿಂದ ಶಾಲೆ ಆರಂಭವಾಯಿತು. ಕಟ್ಟಡವಾಗಲಿ ಆಮೇಲೆ ನೋಡೋಣ ಎಂದು ಕಾಯಲಿಲ್ಲ. ಹಣ್ಣು ಮಾರಿದ ಹಣದಲ್ಲಿ ಉಳಿಸಿದ್ದು, ದಾನಿಗಳಲ್ಲಿ ಬೇಡಿದ್ದು, ಸರಕಾರವನ್ನು ಕಾಡಿ ಪಡೆದದ್ದು, ಹೀಗೆ ಜಾಗ ಬಂತು, ಕಟ್ಟಡ ಬಂತು, ಪ್ರಾಥಮಿಕ ಶಾಲೆಯ ಮೇಲೆ ಪ್ರೌಢಶಾಲೆಯೂ ಬಂತು.

ಇಷ್ಟು ವರ್ಷ ಅವರ ಹುರುಪು ಒಂದೇ ಸಮನೆ ಉರಿಯುತ್ತಿತ್ತೆಂದು ನಮಗೆ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ಹಣ್ಣು ಕೊಳೆತ ದಿನ, ಕಚೇರಿಯಲ್ಲಿ "ಸಾಹೇಬರಿಲ್ಲ, ಮುಂದಿನ ವಾರ ಬಾ" ಎಂದ ದಿನ, ಯಾವ ಮನುಷ್ಯನಿಗೂ ಸಾಕಪ್ಪ ಎನಿಸಿಯೇ ಎನಿಸುತ್ತದೆ. ಆದರೆ ಬೆಳಗಾದರೆ 28 ಮಕ್ಕಳು ಸ್ಲೇಟು ಹಿಡಿದು ಬರುತ್ತಿದ್ದರಲ್ಲ! ಉಡುಪಿಯ ಅಂಗಡಿಗೆ ಪಿಗ್ಮಿಯವನು ಬಂದಂತೆ ಇವರ ಬಾಗಿಲಿಗೆ ಆ ಮಕ್ಕಳು ಬಂದರು. ಅವರಿಗೆ "ನಾಳೆ ಬನ್ನಿ" ಎನ್ನುವಂತಿರಲಿಲ್ಲ.

2020ರ ಜನವರಿಯಲ್ಲಿ ಪದ್ಮಶ್ರೀ ಘೋಷಣೆಯಾದ ಸುದ್ದಿ ಬಂದಾಗ ಅವರು ಪಡಿತರ ಅಂಗಡಿಯ ಸಾಲಿನಲ್ಲಿ ನಿಂತಿದ್ದರೆಂದು ಪತ್ರಿಕೆಗಳು ಬರೆದವು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳ ಕೈಯಿಂದ ಬರಿಗಾಲಿನಲ್ಲೇ ಅದನ್ನು ಪಡೆದರು. ಆಮೇಲೆಯೂ ಅವರು ಕೇಳಿದ್ದು ಊರಿಗೊಂದು ಪದವಿಪೂರ್ವ ಕಾಲೇಜನ್ನು.

ಈ ಕಥೆಯನ್ನು ಉಳ್ಳವರು ನಮಗೆ ಬೇರೆ ರೀತಿಯಲ್ಲಿ ಹೇಳುತ್ತಾರೆ. "ನೋಡಿ, ಹಣ್ಣು ಮಾರುವವನಿಗೆ ಸಾಧ್ಯವಾಯಿತು, ನಿಮಗೇಕಿಲ್ಲ?" ಎನ್ನುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಸ್ವಾತಂತ್ರ್ಯ ಬಂದು ಐವತ್ತು ವರ್ಷ ಕಳೆದರೂ ಒಂದು ಊರಿಗೆ ಶಾಲೆಯಿರಲಿಲ್ಲ ಎಂಬುದು ನಾಚಿಕೆಯ ಸಂಗತಿ, ಆ ನಾಚಿಕೆ ಹಣ್ಣು ಮಾರುವವನದಲ್ಲ. ಹಾಜಬ್ಬನವರು ಸರಕಾರದ ಕೆಲಸವನ್ನು ತಾವು ಹೊತ್ತುಕೊಂಡು ಸುಮ್ಮನಾಗಲಿಲ್ಲ. ಸರಕಾರಿ ಶಾಲೆಯೇ ಬೇಕೆಂದು ಸರಕಾರದ ಬಾಗಿಲು ತಟ್ಟಿದರು, ತೆರೆಯುವವರೆಗೆ ತಟ್ಟಿದರು.

ಗಿರಣಿಯವರು ನಮ್ಮವರೊಬ್ಬರ ಹೆಸರು ಬೇಕೆನ್ನಬಹುದು. ಪಾಂಡವಪುರದ ಹತ್ತಿರ ಹರಳಹಳ್ಳಿಯ ಅಂಕೇಗೌಡರು ಇದ್ದಾರೆ. ಮೊದಲು ಬಸ್ಸಿನ ಕಂಡಕ್ಟರು, ಆಮೇಲೆ ಸಕ್ಕರೆ ಕಾರ್ಖಾನೆಯ ನೌಕರರು. ಸಂಬಳದ ದೊಡ್ಡ ಪಾಲನ್ನು ಪುಸ್ತಕಕ್ಕೆ ಹಾಕುತ್ತ ಹಾಕುತ್ತ ಲಕ್ಷಗಟ್ಟಲೆ ಪುಸ್ತಕ ಕೂಡಿಸಿ ಯಾರು ಬಂದರೂ ಓದಲೆಂದು ತೆರೆದಿಟ್ಟರು. ಅದನ್ನು ಕೇಳಿದವರು ತಮ್ಮ ಸಂಬಳವನ್ನೂ ಹಾಗೆಯೇ ಪುಸ್ತಕಕ್ಕೆ ಹಾಕಿ ಮನೆಯಲ್ಲಿ ಜಗಳ ತರಬೇಡಿ. ಗಂಡಸಿನ ಗುರಿ ನಡೆಯುವಾಗ ಮನೆಯ ಹೆಂಗಸು ಯಾವುದನ್ನು ಬಿಟ್ಟುಕೊಟ್ಟಳು ಎಂಬ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಗಾರ್ಮೆಂಟ್ಸಿಗೆ ಹೋಗುವ ನಮ್ಮ ಅಕ್ಕತಂಗಿಯರಿಗೆ ಕಾರ್ಖಾನೆಯದೊಂದು ಪಾಳಿ, ಒಲೆಯ ಮುಂದೆ ಇನ್ನೊಂದು. ಅವರ ಗುರಿಯೇನೆಂದು ಈ ಸಭೆಯಲ್ಲಿ ಇದುವರೆಗೆ ನಾವೂ ಕೇಳಿಲ್ಲ, ನೀವೂ ಕೇಳಿಲ್ಲ.

ಇನ್ನೊಂದು ಮಾತು. ಗುರಿಗೆ ಮನಸ್ಸು ಬೇಕು ಎನ್ನುತ್ತಾರೆ, ಅದಕ್ಕೆ ಹೊತ್ತೂ ಬೇಕು. ಈ ಹೊತ್ತು ಆಕಾಶದಿಂದ ಬಿದ್ದದ್ದಲ್ಲ. 1911ರ ಕಾಯಿದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. ಮಿತಿಯೇ 12 ಗಂಟೆ! 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, 1948ರ ಕಾಯಿದೆಯಲ್ಲಿ 48. ಒಂದೊಂದು ಗಂಟೆ ಇಳಿಯಬೇಕಾದರೂ ಗಿರಣಿಯ ಬಾಗಿಲಲ್ಲಿ ಜನ ಹಸಿದು ನಿಂತಿದ್ದಾರೆ. ಹಾಗೆ ಗೆದ್ದ ಸಂಜೆಯನ್ನು ನಾವು ಮೊಬೈಲಿನ ಮುಂದೆ ಸುರಿದುಬಿಡುತ್ತೇವೆ, ಇದನ್ನು ಒಪ್ಪಿಕೊಳ್ಳೋಣ. ಅದರ ಜೊತೆಗೆ ಇದನ್ನೂ ನೆನಪಿಡಿ: ವಾರದ 48 ಗಂಟೆಯನ್ನು ಹಾಗೆಯೇ ಇಟ್ಟುಕೊಂಡು ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶವಾಗುವಂತೆ 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲವೇ ಕಾಯಿದೆಯನ್ನು ತಿದ್ದಿತು. ಹನ್ನೆರಡು ಗಂಟೆ ನಿಂತು ಬಂದ ಕಾಲಿಗೆ ಯಾವ ತರಗತಿ, ಯಾವ ಪುಸ್ತಕ? ಆದುದರಿಂದ ಸಂಜೆಯನ್ನು ಕಾಯುವ ಕೆಲಸವೂ ಓದಿನ ಕೆಲಸವೇ. ಅಂಗಡಿಯವರಿಗೆ ಈ ಕಾಯಿದೆಯೂ ಇಲ್ಲ, ಬೆಳಗಿನಿಂದ ರಾತ್ರಿ ಹತ್ತರವರೆಗೆ ಗಲ್ಲಾದ ಮುಂದೆ ಕೂರುತ್ತೀರಿ. ಒಂದು ಬೀದಿಯವರೆಲ್ಲ ಮಾತಾಡಿಕೊಂಡು ವಾರಕ್ಕೊಂದು ದಿನ ಒಂದು ಗಂಟೆ ಮೊದಲು ಬಾಗಿಲು ಹಾಕಿದರೆ ಯಾರ ಗಿರಾಕಿಯೂ ಯಾರಿಗೂ ಹೋಗುವುದಿಲ್ಲ. ಒಬ್ಬನೇ ಹಾಕಿದರೆ ಹೋಗುತ್ತಾನೆ.

ಈಗ ಕೆಲಸದ ಮಾತು. ಮುಂದಿನ ಸೋಮವಾರದಿಂದ ತರಗತಿಯನ್ನು ಮತ್ತೆ ತೆರೆಯುತ್ತೇವೆ. ಬರುವವರು ದೊಡ್ಡ ಗುರಿ ಹೇಳಬೇಡಿ. ಲಕ್ಷಾಧೀಶನಾಗಬೇಕು ಎಂದರೆ ಅದನ್ನು ಕಲಿಸುವವರು ಇಲ್ಲಿಲ್ಲ. ಸೊಸೈಟಿಯ ಪಾಸ್‌ಪುಸ್ತಕ ಓದಬೇಕು, ಉದ್ರಿ ಲೆಕ್ಕವನ್ನು ತಲೆಯಿಂದ ಪುಸ್ತಕಕ್ಕೆ ಇಳಿಸಬೇಕು, ಬಿಟ್ಟುಹೋದ ಎಸ್.ಎಸ್.ಎಲ್.ಸಿ.ಯನ್ನು ಖಾಸಗಿಯಾಗಿ ಕಟ್ಟಬೇಕು, ಇಂಥದೊಂದನ್ನು ಹೇಳಿ. ನಿಮ್ಮ ಹೆಸರಿನ ಮುಂದೆ ಇಬ್ಬರು ಜೊತೆಗಾರರ ಹೆಸರನ್ನು ಬರೆಯುತ್ತೇವೆ. ನೀವು ಎರಡು ದಿನ ಬಾರದಿದ್ದರೆ ಅವರು ನಿಮ್ಮ ಮನೆಗೆ ಬರುತ್ತಾರೆ. ಬೈಯುವುದಕ್ಕಲ್ಲ. ಜ್ವರವೋ, ಓವರ್‌ಟೈಮೋ, ಮನೆಯಲ್ಲಿ ಏನಾದರೂ ತೊಂದರೆಯೋ ಎಂದು ವಿಚಾರಿಸಲು.

ಎರಡನೆಯ ಪಾಳಿಯವರಿಗೆ ಬೆಳಿಗ್ಗೆ ಹತ್ತಕ್ಕೆ, ಉಳಿದವರಿಗೆ ರಾತ್ರಿ ಎಂಟಕ್ಕೆ. ಹೆಂಗಸರಿಗೆ ಯಾವ ಹೊತ್ತು ಅನುಕೂಲವೆಂದು ಅವರೇ ಹೇಳಲಿ, ನಾವು ಗೊತ್ತುಮಾಡುವುದಿಲ್ಲ. ಈ ಸಲ ಚಾಪೆಗಳನ್ನು ಕೊಂಡಿದ್ದೇವೆ. ಸ್ಪಿನ್ನಿಂಗ್ ಖಾತೆಯ ಆ ಗೆಳೆಯರು ಹಿಂದೆ ಬಾಗಿಲ ಹತ್ತಿರ ನಿಂತಿದ್ದಾರೆ. ಪುಸ್ತಕದಲ್ಲಿ ಮೊದಲನೆಯ ಹೆಸರು ಅವರದು, ಅವರ ಜೊತೆಗಾರರಾಗಿ ನಮ್ಮ ಹೆಸರು ಬರೆದಿದ್ದೇವೆ. ಅವರು ತಪ್ಪಿದರೆ ನಾವು ಹೋಗಿ ಕೇಳುತ್ತೇವೆ. ನಾವು ತಪ್ಪಿದರೆ ಅವರು ಬಂದು ಕೇಳಬೇಕು.