ಭಯದ ಕಥೆಗಳು: ಗುಣ ಮತ್ತು ದೋಷ

ದೆವ್ವದ ಕಥೆ ಎಂದೊಡನೆ ಮಕ್ಕಳು ಒತ್ತಾಗಿ ಸರಿದು ಕೂರುತ್ತಾರೆ. ಹಿರಿಯರು ಮೂಗು ಮುರಿಯುತ್ತಾರೆ. ಎರಡಕ್ಕೂ ಕಾರಣವುಂಟು.

ಇಂಗ್ಲೆಂಡಿನ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ ‘ದಿ ಮಂಕೀಸ್ ಪಾ’ ಎಂಬ ಸಣ್ಣಕಥೆಯನ್ನೇ ನೋಡಿ. ಮೂರು ವರ ಕೊಡುವ, ಒಣಗಿದ ಕೋತಿಯ ಕೈಯೊಂದು ಒಬ್ಬ ಮುದುಕನ ಪಾಲಿಗೆ ಬರುತ್ತದೆ. ಆತ 200 ಪೌಂಡು ಬೇಡುತ್ತಾನೆ. ಹಣವೇನೋ ಬರುತ್ತದೆ, ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರವಾಗಿ! ತಾಯಿಯ ಹಟಕ್ಕೆ, ಮಗ ಬದುಕಲೆಂದು ಎರಡನೆಯ ವರ. ನಡುರಾತ್ರಿ ಬಾಗಿಲು ತಟ್ಟುವ ಸದ್ದು. ತಾಯಿ ಅಗುಳಿ ತೆಗೆಯುವಷ್ಟರಲ್ಲಿ ತಂದೆ ಮೂರನೆಯ ವರ ಬೇಡುತ್ತಾನೆ. ತೆರೆದರೆ ಬರಿಯ ಬೀದಿ. ಬಂದದ್ದನ್ನು ನಾವು ಕಾಣುವುದೇ ಇಲ್ಲ.

ಇಲ್ಲಿ ಭಯಾನಕದ ಬೇರು ಕರುಣದಲ್ಲಿದೆ. ಅದೇ ಇಂಥ ಕಥೆಯ ಗುಣ. ನೆತ್ತರು, ತಲೆಬುರುಡೆಗಳನ್ನು ರಾಶಿ ಹಾಕಿದರೆ ಭಯಾನಕವು ಬೀಭತ್ಸಕ್ಕೆ ಜಾರುತ್ತದೆ.

ದೋಷ ಈ ಕಥೆಯಲ್ಲೂ ಇದೆ. ಆ ಕೈಗೆ ಶಕ್ತಿ ಎಲ್ಲಿಯದು? ಭಾರತದ ಫಕೀರನೊಬ್ಬ ಮಂತ್ರಿಸಿದ್ದು ಎಂದಷ್ಟೇ ಹೇಳಿ ಲೇಖಕರು ಮುಂದೆ ಸಾಗುತ್ತಾರೆ. ನಾವೂ ಕಡಮೆಯವರಲ್ಲ, ನಮ್ಮ ಕಥೆಗಳಿಗೆ ಮಾಟ ಬೇಕಾದಾಗ ಮಲೆಯಾಳದ ಮಂತ್ರವಾದಿಯನ್ನು ಕರೆತರುತ್ತೇವೆ.

ದೀಪ ಹಚ್ಚಿದೊಡನೆ ಓಡಿಹೋಗುವ ಭಯ ಸಾಮಾನ್ಯ. ದೀಪ ಹಿಡಿದು, ಮಲಗಿರುವ ಮಗನ ಮುಖವನ್ನೊಮ್ಮೆ ನೋಡಿಬರೋಣ ಎನ್ನಿಸುವ ಭಯವೇ ಸಾಹಿತ್ಯ.