ಇಪ್ಪತ್ತು ಪ್ರಶ್ನೆ, ಹತ್ತು ಲಕ್ಷ ಉತ್ತರ

ನಮ್ಮ ಆರ್.ಟಿ. ನಗರದ ಅಂಗಡಿಯಲ್ಲಿ ಮೊಬೈಲಿಗೆ ಡೇಟಾ ಹಾಕಿಸುವಾಗ ‘ಯಾವ ವೆಬ್‌ಸೈಟಿಗೆ?’ ಎಂದು ಯಾರೂ ಕೇಳುವುದಿಲ್ಲ. ಅದೇ ಡೇಟಾದಲ್ಲಿ ಹರಿಕಥೆ ಕೇಳಬಹುದು, ಪತ್ರಿಕೆ ಓದಬಹುದು, ದೂರದೂರಿನ ಮಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕರೆ ಮಾಡಬಹುದು. ನೆಟ್ ನ್ಯೂಟ್ರಾಲಿಟಿ ಅಂದರೆ ಇಷ್ಟೇ. ಇದು ತಾನಾಗಿ ಉಳಿದದ್ದಲ್ಲ, ಬಳಕೆದಾರರು ಪಟ್ಟು ಹಿಡಿದು ಉಳಿಸಿಕೊಂಡದ್ದು.

2014ರ ಡಿಸೆಂಬರಿನಲ್ಲಿ ಏರ್‌ಟೆಲ್, ಇಂಟರ್ನೆಟ್ ಕರೆಗಳಿಗೆ ಬೇರೆ ದರ ಎಂದು ಘೋಷಿಸಿತು. ಜನ ಸಿಟ್ಟಿಗೆದ್ದರು, ವಾರದೊಳಗೆ ಕೈಬಿಟ್ಟಿತು. ಮುಂದಿನ ಏಪ್ರಿಲಿನಲ್ಲಿ ಬಂದದ್ದು ‘ಏರ್‌ಟೆಲ್ ಝೀರೋ’: ಆ್ಯಪ್ ಕಂಪನಿ ದುಡ್ಡು ಕಟ್ಟುತ್ತದೆ, ಗ್ರಾಹಕನಿಗೆ ಆ ಆ್ಯಪ್ ಉಚಿತ. ಬೆಂಗಳೂರಿನದೇ ಆದ ಫ್ಲಿಪ್‌ಕಾರ್ಟ್ ಇದಕ್ಕೆ ಸೇರಲು ಮಾತುಕತೆ ನಡೆಸಿತ್ತು. ಗ್ರಾಹಕರು ಅದರ ಆ್ಯಪ್‌ಗೆ ಒಂದೇ ಸ್ಟಾರ್ ಕೊಡತೊಡಗಿದರು, ಕೆಲವರು ಫೋನಿನಿಂದಲೇ ತೆಗೆದುಹಾಕಿದರು. ಏಪ್ರಿಲ್ 14ಕ್ಕೆ ಕಂಪನಿ ಹಿಂದೆ ಸರಿಯಿತು.

ಅದೇ ಹೊತ್ತಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಇದೇ ವಿಷಯದ ಮೇಲೆ 118 ಪುಟಗಳ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆ ಕೇಳಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಬಹುಪಾಲು, ಕಾರ್ಯಕರ್ತರು ಬರೆದಿಟ್ಟ ಸಿದ್ಧ ಉತ್ತರಗಳೇ, ನಿಜ. ಆದರೆ ಅವು ಕೇಳಿದ ಪ್ರಶ್ನೆಗಳಿಗೆ ಒಂದೊಂದಾಗಿ ಕೊಟ್ಟ ಉತ್ತರಗಳು. ನನಗೆ ಮುಖ್ಯವೆನಿಸುವುದು ಇದು.

ಯಾಕೆಂದರೆ ವರ್ಷದ ಕೊನೆಗೆ ಫೇಸ್‌ಬುಕ್ಕೂ ಸಿದ್ಧ ಸಂದೇಶಗಳ ದಾರಿ ಹಿಡಿಯಿತು. ತಾನು ಒಪ್ಪಿದ ಕೆಲವು ಸೈಟುಗಳನ್ನಷ್ಟೇ ಬಡವರಿಗೆ ಉಚಿತವಾಗಿ ತೋರಿಸುವ ‘ಫ್ರೀ ಬೇಸಿಕ್ಸ್’ ಪರವಾಗಿ ಬಳಕೆದಾರರು ಸಂದೇಶ ಕಳಿಸುವಂತೆ ಮಾಡಿತು. ಟ್ರಾಯ್‌ಗೆ ಆಗ ಇನ್ನೊಂದು ಸಮಾಲೋಚನೆಯಲ್ಲಿ ಬಂದ 24 ಲಕ್ಷ ಅಭಿಪ್ರಾಯಗಳಲ್ಲಿ ಸುಮಾರು 19 ಲಕ್ಷ ಇಂಥವು. ಆದರೆ ಟ್ರಾಯ್ ಕೇಳಿದ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿರಲಿಲ್ಲ. ಇತ್ತ ಯಶವಂತಪುರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಐಐಟಿಗಳ ಪ್ರಾಧ್ಯಾಪಕರು, ‘ಬೇಸಿಕ್’ ಯಾವುದೆಂದು ಒಂದು ಕಂಪನಿ ತೀರ್ಮಾನಿಸುವುದು ತಪ್ಪೆಂದು ಕಾರಣ ಕೊಟ್ಟು ಹೇಳಿಕೆ ಹೊರಡಿಸಿದರು. 2016ರ ಫೆಬ್ರುವರಿ 8ರಂದು ಟ್ರಾಯ್, ಸೈಟು ನೋಡಿ ದರ ಹಾಕುವುದನ್ನೇ ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ. ತಲೆ ಎಣಿಸಿದ್ದರೆ ನಾವು ಸೋಲುತ್ತಿದ್ದೆವು.

ಜಾಲದ ಒಡೆಯನ ಕೈ ಎಲ್ಲಿಯವರೆಗೆ ಚಾಚಬಹುದು ಎಂಬುದಕ್ಕೂ ನಮ್ಮೂರಲ್ಲೇ ಉದಾಹರಣೆ ಇದೆ. 2015ರ ಜೂನಿನಲ್ಲಿ ಇಲ್ಲಿನ ಪ್ರೋಗ್ರಾಮರ್ ಒಬ್ಬರು ಏರ್‌ಟೆಲ್ 3ಜಿಯಲ್ಲಿ ತಮ್ಮದೇ ಬ್ಲಾಗ್ ತೆರೆದರು. ಪುಟದ ಒಳಗೆ ಅವರು ಬರೆಯದ ಕೋಡ್ ಇತ್ತು, ದಾರಿಯಲ್ಲಿ ಯಾರೋ ಸೇರಿಸಿದ್ದು. ಅದನ್ನು ಬಯಲು ಮಾಡಿದ್ದಕ್ಕೆ ಆ ಕೋಡ್ ಬರೆದ ಇಸ್ರೇಲಿನ ಕಂಪನಿಯಿಂದ ಅವರಿಗೇ ಲೀಗಲ್ ನೋಟಿಸ್ ಬಂತು. ಗ್ರಾಹಕರಿಗೆ ಡೇಟಾ ಬಳಕೆ ತಿಳಿಸಲು ಮಾಡಿದ ಪ್ರಯೋಗ ಅದು, ನೋಟಿಸಿಗೂ ತನಗೂ ಸಂಬಂಧವಿಲ್ಲ ಎಂದಿತು ಏರ್‌ಟೆಲ್. ಕೇಳದೆ ಕೈಹಾಕಿದ್ದು ಮಾತ್ರ ಹೌದಲ್ಲ!

ಅಮೆರಿಕದವರು ಈ ರಕ್ಷಣೆಯನ್ನು ಕಳೆದುಕೊಂಡರು. 2017ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆಗೆ ಬಂದ 2.2 ಕೋಟಿ ಅಭಿಪ್ರಾಯಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕಿನ ಅಟಾರ್ನಿ ಜನರಲ್ ಆಮೇಲೆ ಪತ್ತೆಹಚ್ಚಿದರು. ನಿಯಮ ರದ್ದಾಯಿತು, 2024ರಲ್ಲಿ ಮರಳಿತು, 2025ರ ಜನವರಿಯಲ್ಲಿ ನ್ಯಾಯಾಲಯ ಮತ್ತೆ ತಳ್ಳಿಹಾಕಿತು.

ನಮ್ಮಲ್ಲಿ 2018ರಿಂದ ನೆಟ್ ನ್ಯೂಟ್ರಾಲಿಟಿ ಟೆಲಿಕಾಂ ಕಂಪನಿಗಳ ಲೈಸೆನ್ಸಿನ ಷರತ್ತಾಗಿದೆ. ಈಗ ಆ ಕಂಪನಿಗಳು ‘ದೊಡ್ಡ ಸೈಟುಗಳು ಜಾಲದ ಖರ್ಚಿನಲ್ಲಿ ಪಾಲು ಕೊಡಲಿ’ ಎನ್ನುತ್ತಿವೆ. ಇಂದು ದೊಡ್ಡವರು, ನಾಳೆ ಯಲಹಂಕದಲ್ಲಿ ಕುಳಿತು ಕನ್ನಡ ಇ-ಪುಸ್ತಕ ಮಾರುವವರನ್ನು ಕೇಳುವುದಿಲ್ಲ ಎಂಬ ಖಾತರಿ ಎಲ್ಲಿದೆ? ಆ ಡೇಟಾಕ್ಕೆ ಗ್ರಾಹಕ ಆಗಲೇ ದುಡ್ಡು ಕಟ್ಟಿದ್ದಾನಲ್ಲ ಎಂಬ ಪ್ರಶ್ನೆಗೆ ನನಗೆ ಒಪ್ಪುವಂಥ ಉತ್ತರ ಆ ಕಂಪನಿಗಳಿಂದ ಇನ್ನೂ ಬಂದಿಲ್ಲ.